ಗೆಳೆಯರ ಮನೆ ಮುಂದೆ ಆರ್‌ವಿ: ಮೊದಲ ಫೋನಿನಿಂದ ವಾಪಸ್ ಹೊರಡುವವರೆಗೆ

"ಎಸಿ ಹಾಕಿ ಹತ್ತು ನಿಮಿಷ ಆಗಿಲ್ಲ, ಇವರ ಗ್ಯಾರೇಜಿನ ಕರೆಂಟೇ ಹೋಯ್ತು ಕಣೋ. ಈಗೇನ್ ಮಾಡ್ಲಿ?"

ಇಲ್ಲಿ ಅಮೆರಿಕದಲ್ಲಿ ಬೇಸಿಗೆ ರಜೆ ಶುರುವಾದರೆ ಇಂಥ ಫೋನು ನನಗೆ ಬಂದೇ ಬರುತ್ತದೆ. ಫೋನ್ ಮಾಡಿದವರು ಯಾರದೋ ಡ್ರೈವ್‌ವೇಯಲ್ಲಿ (ರಸ್ತೆಯಿಂದ ಗ್ಯಾರೇಜಿಗೆ ಹೋಗುವ ಮನೆ ಮುಂದಿನ ಜಾಗ), ಬಾಡಿಗೆ ಆರ್‌ವಿ, ಅಂದರೆ ಹಾಸಿಗೆ, ಅಡುಗೆ, ಟಾಯ್ಲೆಟ್ ಎಲ್ಲ ಇರುವ ಗಾಡಿ, ಅದರ ಪಕ್ಕದಲ್ಲಿ, ಕೈಯಲ್ಲಿ ವಯರು ಹಿಡಿದು ನಿಂತಿರುತ್ತಾರೆ. ಎಡವುವ ಜಾಗ ಎಲ್ಲರದ್ದೂ ಒಂದೇ. ಕ್ಯಾಂಪ್‌ಗ್ರೌಂಡಿನಲ್ಲಿ ಸಿಗುವ ಮೂರು ಸೌಲಭ್ಯ, ಅಂದರೆ ಕರೆಂಟು, ನೀರು, ಕೊಳೆನೀರಿನ ಪೈಪು, ಮೂರೂ ಗೆಳೆಯರ ಮನೆಯಲ್ಲೂ ಸಿಗುತ್ತವೆ ಅಂದುಕೊಂಡು ಬಂದಿರುತ್ತಾರೆ. ಸಿಗುವುದಿಲ್ಲ.

ನಾನು ಪಾಲಿಸುವ ನಿಯಮ ಒಂದೇ: ಗೆಳೆಯರ ಮನೆಯಿಂದ ಗಾಡಿಗೆ ಬರಬೇಕಾದ್ದು ಒಂದು ವಯರು ಮಾತ್ರ. ನೀರು ತುಂಬಿಸಿಕೊಂಡೇ ಹೋಗಬೇಕು. ಕೊಳೆನೀರು ಖಾಲಿ ಮಾಡಿಕೊಂಡೇ ಹೋಗಬೇಕು. ಕೆಳಗಿನ ಹಂತಗಳೆಲ್ಲ ಈ ನಿಯಮದ ಸುತ್ತಲೇ ಇವೆ. ನಮ್ಮವರು ಜಾಸ್ತಿ ಬಾಡಿಗೆಗೆ ತರುವ 25 ಅಡಿಯ ಕ್ಲಾಸ್ ಸಿ ಗಾಡಿ, ಅಂದರೆ ಡ್ರೈವರ್ ತಲೆಯ ಮೇಲೆ ಹಾಸಿಗೆ ಇರುವಂಥದ್ದು, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹಂತ 1: ಒಂದು ವಾರ ಮೊದಲು ಫೋನ್ ಮಾಡಿ

"ಬನ್ರೋ, ಜಾಗ ಬೇಕಾದಷ್ಟಿದೆ" ಅಂತ ಗೆಳೆಯ ಹೇಳಿಯೇ ಹೇಳುತ್ತಾನೆ. ಅದನ್ನು ನಂಬಬೇಡಿ. ಅವನ ಮನಸ್ಸಿನಲ್ಲಿ ಜಾಗ ಇದೆ, ಡ್ರೈವ್‌ವೇಯಲ್ಲಿ ಇದೆಯೋ ಇಲ್ಲವೋ ಅಳೆದೇ ನೋಡಬೇಕು. ಫೋನಿನಲ್ಲಿ ಈ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ.

1. ಎಚ್‌ಒಎ, ಅಂದರೆ ಬಡಾವಣೆಯ ಮನೆ ಮಾಲೀಕರ ಸಂಘ, ಇದೆಯಾ? ಅದರ ನಿಯಮದಲ್ಲಿ ಆರ್‌ವಿ ಬಗ್ಗೆ ಏನಿದೆ? ಕೆಲವು ಬಡಾವಣೆಗಳಲ್ಲಿ ಡ್ರೈವ್‌ವೇಯಲ್ಲಿ ಆರ್‌ವಿ ನಿಲ್ಲಿಸುವ ಹಾಗೇ ಇಲ್ಲ. ಕೆಲವು ಕಡೆ 24 ಗಂಟೆ, ಕೆಲವು ಕಡೆ 48 ಅಥವಾ 72. ಮೊದಲೇ ಒಂದು ಇಮೇಲ್ ಹಾಕಿದರೆ ಎರಡು ದಿನಕ್ಕೆ ಒಪ್ಪಿಗೆ ಕೊಡುವವರೂ ಇದ್ದಾರೆ. ದಂಡದ ಕಾಗದ ಬರುವುದು ಗೆಳೆಯನ ಹೆಸರಿಗೆ, ನಿಮ್ಮ ಹೆಸರಿಗಲ್ಲ. ಹಾಗಾಗಿ ಇದೇ ಮೊದಲ ಪ್ರಶ್ನೆ.

2. ರಸ್ತೆಯಲ್ಲಿ ನಿಲ್ಲಿಸುವುದಾದರೆ ಆ ಊರಿನ ನಿಯಮ ಏನು? ಇದು ಎಚ್‌ಒಎ ನಿಯಮಕ್ಕಿಂತ ಬೇರೆ. ಒಂದು ಒಪ್ಪಿದರೂ ಇನ್ನೊಂದು ಒಪ್ಪದೇ ಇರಬಹುದು. ಗಾಡಿಯಲ್ಲಿ ಮಲಗುವುದಕ್ಕೇ ಬೇರೆ ನಿಯಮ ಇರುವ ಊರುಗಳೂ ಇವೆ.

3. ಗ್ಯಾರೇಜ್ ಬಾಗಿಲಿನಿಂದ ಫುಟ್‌ಪಾತ್‌ವರೆಗೆ ಎಷ್ಟು ಅಡಿ? ಟೇಪ್ ಹಿಡಿದು ಅಳೆಯಲು ಹೇಳಿ. ಹೊಸ ಬಡಾವಣೆಗಳ ಎಷ್ಟೋ ಡ್ರೈವ್‌ವೇಗಳು ಇಪ್ಪತ್ತು ಅಡಿ ಸುತ್ತಮುತ್ತ ಅಷ್ಟೇ. 25 ಅಡಿ ಗಾಡಿಯ ಬಾಲ ಫುಟ್‌ಪಾತಿನ ಮೇಲೆ ಬರುತ್ತದೆ. ಫುಟ್‌ಪಾತ್ ಅಡ್ಡಗಟ್ಟಿದರೆ ದಂಡದ ಟಿಕೆಟ್ ಖಚಿತ.

4. ಒಂದು ವಿಡಿಯೋ. ರಸ್ತೆಯಲ್ಲಿ ನಿಂತು, ಡ್ರೈವ್‌ವೇ ತುದಿಯಿಂದ ಮನೆವರೆಗೆ, ಆಮೇಲೆ ಮೇಲಕ್ಕೆ. ಆ "ಮೇಲಕ್ಕೆ" ತುಂಬ ಮುಖ್ಯ. ನಿಮ್ಮ ಗಾಡಿ ಎಸಿ ಸೇರಿ 11 ರಿಂದ 12 ಅಡಿ ಎತ್ತರ ಇರುತ್ತದೆ. ಮೇಪಲ್ ಮರದ ಕೊಂಬೆ, ಮಕ್ಕಳ ಬ್ಯಾಸ್ಕೆಟ್‌ಬಾಲ್ ಹೂಪು, ಜೋತು ಬಿದ್ದ ಕೇಬಲ್, ಮೂರೂ ಕಾರಿನವರ ಕಣ್ಣಿಗೆ ಬೀಳುವುದೇ ಇಲ್ಲ.

5. ಹೊರಗಿನ ಅಥವಾ ಗ್ಯಾರೇಜಿನ ಸಾಕೆಟ್ ಎಲ್ಲಿದೆ? ಅದೇ ಲೈನಿನಲ್ಲಿ ಇನ್ನೇನು ಓಡುತ್ತಿದೆ? ಈ ಎರಡನೇ ಪ್ರಶ್ನೆ ಕೇಳದೆ ನಾನು ಏನು ಅನುಭವಿಸಿದೆ ಅಂತ ಹಂತ 6ರಲ್ಲಿದೆ.

ಎಚ್ಚರಿಕೆಯ ಗುರುತು: ವಿಡಿಯೋದಲ್ಲಿ ಡ್ರೈವ್‌ವೇ ರಸ್ತೆಗೆ ಸೇರುವಲ್ಲಿ ತಗ್ಗು ಇದ್ದು, ಆಮೇಲೆ ಕಡಿದಾದ ಏರು ಕಂಡರೆ ಆ ಡ್ರೈವ್‌ವೇ ಮರೆತುಬಿಡಿ. ಹಿಂದಿನ ಚಕ್ರದ ಆಚೆ ಗಾಡಿಯ ಬಾಲ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಏರುವಾಗ ಅದು ನೆಲಕ್ಕೆ ಉಜ್ಜುತ್ತದೆ, ಕೊಳೆನೀರಿನ ಪೈಪು ಇರುವುದೂ ಆ ಕಡೆಗೇ. ಆಗ ಹತ್ತಿರದ ಸ್ಟೇಟ್ ಪಾರ್ಕಿನಲ್ಲಿ ಜಾಗ ಹಿಡಿದು, ಊಟಕ್ಕೆ ಮಾತ್ರ ಮನೆಗೆ ಹೋಗುವುದು ವಾಸಿ. ಅದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಬಾಡಿಗೆ ಗಾಡಿಯಲ್ಲಿ ಎಲ್ಲ ಇರುತ್ತದೆ ಅನ್ನುತ್ತಾರೆ. ಕ್ಯಾಂಪ್‌ಗ್ರೌಂಡಿಗೆ ಬೇಕಾದ್ದು ಇರುತ್ತದೆ. ಮನೆ ಮುಂದೆ ನಿಲ್ಲಿಸಲು ಬೇಕಾದ್ದನ್ನು ನೀವೇ ತರಬೇಕು.

- ಗಾಡಿಯ 30 ಆಂಪ್ ವಯರನ್ನು ಮನೆಯ 15 ಆಂಪ್ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್. ಅಂಗಡಿಯಲ್ಲಿ ಡಾಗ್‌ಬೋನ್ ಅಂತ ಕೇಳಿ.
- ಹೊರಗೆ ಬಳಸುವ ದಪ್ಪ ಎಕ್ಸ್‌ಟೆನ್ಷನ್ ವಯರು, 25 ಅಡಿ. 12 ಗೇಜ್ ಇರಲೇಬೇಕು, 10 ಆದರೆ ಇನ್ನೂ ಒಳ್ಳೆಯದು. ಗೇಜಿನ ನಂಬರ್ ಕಮ್ಮಿಯಾದಷ್ಟೂ ವಯರು ದಪ್ಪ. ಗ್ಯಾರೇಜಿನಲ್ಲಿ ನೇತಾಡುವ 16 ಗೇಜಿನ ತೆಳು ಕಿತ್ತಳೆ ವಯರು ದೀಪಾವಳಿ ಸೀರಿಯಲ್ ಸೆಟ್ಟಿಗೆ ಸರಿ, ಆರ್‌ವಿಗೆ ಅಲ್ಲ.
- ಸಾಕೆಟ್ ಟೆಸ್ಟರ್, ವೋಲ್ಟೇಜ್ ತೋರಿಸುವಂಥದ್ದು.
- ಕುಡಿಯುವ ನೀರಿನ ಬಿಳಿ ಪೈಪು ಮತ್ತು ಪ್ರೆಷರ್ ರೆಗ್ಯುಲೇಟರ್.
- ಲೆವೆಲಿಂಗ್ ಬ್ಲಾಕ್, ಚಕ್ರಕ್ಕೆ ಅಡ್ಡ ಕೊಡುವ ಬೆಣೆ, ಒಂದು ಸಣ್ಣ ರಸಮಟ್ಟ.
- ನಾಲ್ಕು ಹಲಗೆ ತುಂಡು, ಎರಡು ದೊಡ್ಡ ಕಾರ್ಡ್‌ಬೋರ್ಡ್, ಬಿಸಾಡುವ ಕೈಗವಸು.

ಹಂತ 3: ದಾರಿ ಮೊದಲೇ ನೋಡಿಟ್ಟುಕೊಳ್ಳಿ

ಕಾರಿನಲ್ಲಿ ಬಳಸುವ ಮ್ಯಾಪಿಗೆ ನಿಮ್ಮ ಗಾಡಿ 12 ಅಡಿ ಎತ್ತರ ಇದೆ ಅಂತ ಗೊತ್ತಿಲ್ಲ. ಆರ್‌ವಿ ಅಥವಾ ಟ್ರಕ್ಕಿನ ನ್ಯಾವಿಗೇಷನ್ ಬಳಸಿ, ಎತ್ತರ ತುಂಬಿ.

ಪೂರ್ವ ತೀರದವರಿಗೆ ಎರಡು ಮಾತು. ನ್ಯೂಯಾರ್ಕ್, ಕನೆಕ್ಟಿಕಟ್ ಕಡೆಯ ಹಳೇ ಪಾರ್ಕ್‌ವೇಗಳು ಕಾರಿಗೆ ಅಂತ ಕಟ್ಟಿದವು. ಕನೆಕ್ಟಿಕಟ್ಟಿನ ಮೆರಿಟ್ ಪಾರ್ಕ್‌ವೇಗೆ 8 ಅಡಿಗಿಂತ ಎತ್ತರದ ಗಾಡಿ ಹೋಗುವಂತಿಲ್ಲ. "ಪಾರ್ಕ್‌ವೇ" ಅಂತ ಬೋರ್ಡ್ ಕಂಡರೆ, ನಿಯಮ ಓದಿಕೊಂಡಿಲ್ಲದಿದ್ದರೆ, ಹತ್ತಲೇಬೇಡಿ.

ಎರಡನೆಯದು ಪ್ರೊಪೇನ್, ಅಂದರೆ ಗಾಡಿಯ ಒಲೆ, ವಾಟರ್ ಹೀಟರ್ ಓಡಿಸುವ ಗ್ಯಾಸು. ನ್ಯೂಜೆರ್ಸಿಯಿಂದ ವರ್ಜೀನಿಯಾಗೆ ಹೋಗುವವರು ಬಾಲ್ಟಿಮೋರ್ ದಾಟಬೇಕಲ್ವಾ? ಅಲ್ಲಿನ ಫೋರ್ಟ್ ಮೆಕ್‌ಹೆನ್ರಿ ಸುರಂಗಕ್ಕೂ ಬಾಲ್ಟಿಮೋರ್ ಹಾರ್ಬರ್ ಸುರಂಗಕ್ಕೂ 10 ಪೌಂಡಿಗಿಂತ ದೊಡ್ಡ ಪ್ರೊಪೇನ್ ಟ್ಯಾಂಕ್ ಇರುವ ಗಾಡಿಗೆ ಪ್ರವೇಶ ಇಲ್ಲ. ಆರ್‌ವಿಯ ಟ್ಯಾಂಕ್ ಅದಕ್ಕಿಂತ ಎಷ್ಟೋ ದೊಡ್ಡದು. ಮೊದಲು ಇಂಥ ಗಾಡಿಗಳು ಊರನ್ನು ಸುತ್ತುವ 695 ಹೆದ್ದಾರಿಯ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಮೇಲೆ ಹೋಗುತ್ತಿದ್ದವು. ಆ ಸೇತುವೆ 2024ರ ಮಾರ್ಚ್ 26ರಂದು ಹಡಗು ಗುದ್ದಿ ಕುಸಿಯಿತು. ಈಗ 695ರ ಪಶ್ಚಿಮದ ಕಡೆಯಿಂದ ಊರನ್ನು ಸುತ್ತಿಕೊಂಡು ಹೋಗಬೇಕು. ಹಳೆಯ ಸಲಹೆಗಳಲ್ಲಿ ಇನ್ನೂ "ಕೀ ಸೇತುವೆ ಹಿಡಿಯಿರಿ" ಅಂತಲೇ ಇರುತ್ತದೆ, ನೋಡಿಕೊಳ್ಳಿ.

ಹಂತ 4: ಊರು ಸೇರುವ ಮೊದಲಿನ ಒಂದು ಗಂಟೆ

ಜನ ಹೆಚ್ಚಾಗಿ ಹಾರಿಸಿಬಿಡುವ ಹಂತ ಇದು. ಹಸಿವು, ಸುಸ್ತು, ಆ ಕಡೆಯಿಂದ "ಎಲ್ಲಿದ್ದೀರಾ? ಬಿಸಿಬೇಳೆಬಾತ್ ಆರ್ತಾ ಇದೆ" ಅಂತ ಫೋನು. ಆದರೂ ಹಾರಿಸಬೇಡಿ.

1. ಡಂಪ್ ಸ್ಟೇಷನ್ನಿಗೆ ಹೋಗಿ ಎರಡೂ ಕೊಳೆ ಟ್ಯಾಂಕ್ ಖಾಲಿ ಮಾಡಿ. ಸ್ಟೇಟ್ ಪಾರ್ಕು, ಕ್ಯಾಂಪ್‌ಗ್ರೌಂಡು, ಹೆದ್ದಾರಿಯ ಕೆಲವು ಟ್ರಕ್ ಸ್ಟಾಪುಗಳಲ್ಲಿ ಇರುತ್ತದೆ. ಮೊದಲು ಬ್ಲ್ಯಾಕ್ ಟ್ಯಾಂಕ್, ಅಂದರೆ ಟಾಯ್ಲೆಟ್ಟಿನದು. ಆಮೇಲೆ ಗ್ರೇ ಟ್ಯಾಂಕ್, ಅಂದರೆ ಸಿಂಕು ಮತ್ತು ಸ್ನಾನದ್ದು. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕ್ರಮ ತಿರುವುಮುರುವು ಮಾಡಿದರೆ ಪೈಪಿನಲ್ಲಿ ಏನು ಉಳಿಯುತ್ತದೆ ಅಂತ ನಾನು ಹೇಳಬೇಕಿಲ್ಲ.

2. ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಮುಚ್ಚಿ, ಒಂದೆರಡು ಗ್ಯಾಲನ್ ನೀರು ಮತ್ತು ಟ್ಯಾಂಕಿನ ಔಷಧಿ ಹಾಕಿ.

3. ಕುಡಿಯುವ ನೀರಿನ ನಲ್ಲಿ ಬೇರೆಯೇ ಇರುತ್ತದೆ, ಬೋರ್ಡ್ ನೋಡಿ. ಅಲ್ಲಿ ಬಿಳಿ ಪೈಪಿನಿಂದ ಟ್ಯಾಂಕ್ ತುಂಬಿಸಿ. ಕೊಳೆ ಮುಟ್ಟಿದ ಕೈಗವಸು ಬಿಚ್ಚಿ, ಕೈ ತೊಳೆದು, ಆಮೇಲೆ ಬಿಳಿ ಪೈಪು ಮುಟ್ಟಿ. 40 ಗ್ಯಾಲನ್ ಟ್ಯಾಂಕ್ ಇದ್ದರೆ, ಸ್ನಾನ ಗೆಳೆಯರ ಮನೆಯಲ್ಲಿ ಆದರೆ, ನಾಲ್ಕು ಜನಕ್ಕೆ ಎರಡು ದಿನ ಧಾರಾಳ.

4. ಪ್ರೊಪೇನ್ ಎಷ್ಟಿದೆ ನೋಡಿ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆಯಾ ನೋಡಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಹೋಗಿ ವಯರು ಚುಚ್ಚಿದರೆ, ಚಾರ್ಜರ್ ಒಂದೇ ಏಳೆಂಟು ಆಂಪ್ ಎಳೆಯಬಹುದು. ಸಾಕೆಟ್ಟಿನ ಅರ್ಧ ಅಲ್ಲಿಗೇ ಮುಗಿಯಿತು.

ಹಂತ 5: ಗಾಡಿ ನಿಲ್ಲಿಸುವುದು

ಬೆಳಕಿದ್ದಾಗ ತಲುಪಿ. ಮೊದಲು ರಸ್ತೆಯಲ್ಲೇ ನಿಲ್ಲಿಸಿ, ಇಳಿದು, ನಡೆದು ನೋಡಿ. ಮಕ್ಕಳೆಲ್ಲ ಮನೆಯೊಳಗೆ ಹೋಗಲಿ. ಬರಮಾಡಿಕೊಳ್ಳಲು ಇಡೀ ಕುಟುಂಬ ಡ್ರೈವ್‌ವೇಯಲ್ಲಿ ನಿಂತಿರುತ್ತದೆ, ಅವರನ್ನೂ ಒಳಗೆ ಕಳಿಸಿ. ದಾರಿ ತೋರಿಸಲು ಒಬ್ಬರೇ ಒಬ್ಬರು ಇರಲಿ. ಮೂರು ಜನ ಒಟ್ಟಿಗೆ "ಬಾ ಬಾ, ಲೆಫ್ಟ್, ಇನ್ನೂ ಬಾ" ಅಂದರೆ ಕಥೆ ಮುಗಿಯಿತು. ಆ ಒಬ್ಬರು ನಿಮ್ಮ ಕನ್ನಡಿಯಲ್ಲಿ ಕಾಣುತ್ತಿರಬೇಕು. ಕಾಣದಿದ್ದರೆ ಬ್ರೇಕ್ ಒತ್ತಿ.

ಸಾಮಾನ್ಯ ತಪ್ಪು: ಬಾಲದ ಬೀಸು ಮರೆಯುವುದು. ಸ್ಟೀರಿಂಗ್ ಬಲಕ್ಕೆ ತಿರುಗಿಸಿ ಮುಂದೆ ಹೋದಾಗ ಗಾಡಿಯ ಹಿಂಭಾಗ ಎಡಕ್ಕೆ ಬೀಸುತ್ತದೆ. ಮೂಗು ಗೇಟು ದಾಟಿತು ಅಂತ ನೀವು ಖುಷಿಯಲ್ಲಿರುತ್ತೀರಿ, ಅಷ್ಟರಲ್ಲಿ ಬಾಲ ಪಕ್ಕದ ಮನೆಯ ಮೇಲ್‌ಬಾಕ್ಸ್ ಮಲಗಿಸಿರುತ್ತದೆ.

ನಿಲ್ಲಿಸಿದ ಮೇಲಿನ ಕ್ರಮ: ರಸಮಟ್ಟ ಇಟ್ಟು ನೋಡಿ, ತಗ್ಗಿನ ಚಕ್ರದ ಕೆಳಗೆ ಬ್ಲಾಕ್ ಇಟ್ಟು ಹತ್ತಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಚಕ್ರಕ್ಕೆ ಬೆಣೆ ಕೊಡಿ. ಗೋಡೆ ಹೊರಗೆ ಚಾಚುವ ಸ್ಲೈಡ್ ತೆರೆಯುವುದು ಆಮೇಲೆ. ಗ್ಯಾಸಿನ ಮೇಲೆ ಓಡುವ ಹಳೇ ಮಾದರಿಯ ಫ್ರಿಜ್ ಇದ್ದರೆ ಮಟ್ಟ ಸರಿ ಇರಲೇಬೇಕು. ಓರೆಯಾಗಿ ಗಂಟೆಗಟ್ಟಲೆ ಓಡಿದರೆ ಕೂಲಿಂಗ್ ಯೂನಿಟ್ಟೇ ಕೆಡುತ್ತದೆ. ಡಾಂಬರಿನ ಡ್ರೈವ್‌ವೇ ಬಿಸಿಲಿಗೆ ಮೆತ್ತಗಾಗುತ್ತದೆ, ಜ್ಯಾಕ್ ಇಳಿಸಿದರೆ ಗುಂಡಿ ಬೀಳುತ್ತದೆ. ಹಲಗೆ ತುಂಡು ಇರುವುದು ಅದಕ್ಕೇ. ಎಂಜಿನ್ ಕೆಳಗೆ ಕಾರ್ಡ್‌ಬೋರ್ಡ್ ಹಾಸಿ, ಎಣ್ಣೆ ತೊಟ್ಟಿಕ್ಕಿದರೆ ಅದರ ಮೇಲೇ ಬೀಳಲಿ.

ಹುಲ್ಲಿನ ಮೇಲೆ ನಿಲ್ಲಿಸಬಹುದಾ? ಮನೆಗೆ ಸೆಪ್ಟಿಕ್ ಟ್ಯಾಂಕ್ ಇದ್ದರೆ ಬೇಡವೇ ಬೇಡ. ಅದರ ಪೈಪುಗಳು ಹುಲ್ಲಿನ ಕೆಳಗೇ ಹರಡಿಕೊಂಡಿರುತ್ತವೆ, ಐದಾರು ಟನ್ ಗಾಡಿಗೆ ಒಡೆದುಹೋಗುತ್ತವೆ.

ಹಂತ 6: ಕರೆಂಟು

ಇದನ್ನು ನಿಧಾನವಾಗಿ ಓದಿ. ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಂದಲೇ ಬರುತ್ತವೆ.

ಮೊದಲು ಲೆಕ್ಕ. ಗಾಡಿ 30 ಆಂಪಿನದು. 120 ವೋಲ್ಟಿನಲ್ಲಿ ಅದು 3,600 ವ್ಯಾಟ್. ಗ್ಯಾರೇಜಿನ ಸಾಮಾನ್ಯ ಸಾಕೆಟ್ 15 ಆಂಪ್, ಅಂದರೆ 1,800 ವ್ಯಾಟ್. ಗಂಟೆಗಟ್ಟಲೆ ಎಳೆಯುವುದಾದರೆ ಅದರ ಶೇ 80 ಮಾತ್ರ ಬಳಸಬೇಕು, 1,440 ವ್ಯಾಟ್. ಡಾಗ್‌ಬೋನ್ ಅಡಾಪ್ಟರ್ ಪ್ಲಗ್ಗಿನ ಆಕಾರ ಬದಲಿಸುತ್ತದೆ ಅಷ್ಟೇ, ಕರೆಂಟನ್ನು ಹೆಚ್ಚಿಸುವುದಿಲ್ಲ.

ಈಗ ಯಾವುದು ಎಷ್ಟು ಎಳೆಯುತ್ತದೆ ನೋಡಿ. ಗಾಡಿಯ ಚಾವಣಿ ಮೇಲಿನ 13,500 ಬಿಟಿಯು ಎಸಿ 12 ರಿಂದ 15 ಆಂಪ್, ಶುರುವಾಗುವ ಕ್ಷಣ ಇನ್ನೂ ಜಾಸ್ತಿ. ಮೈಕ್ರೋವೇವ್ 12 ಆಂಪಿನ ಆಸುಪಾಸು. 1,500 ವ್ಯಾಟಿನ ನೀರು ಕಾಯಿಸುವ ಕೆಟಲ್ ಹನ್ನೆರಡೂವರೆ. 1,000 ವ್ಯಾಟಿನ ಇನ್‌ಸ್ಟಂಟ್ ಪಾಟ್ ಎಂಟು ಚಿಲ್ಲರೆ. ಕರೆಂಟಿನ ವಾಟರ್ ಹೀಟರ್ ಸುಮಾರು 12. ಇವುಗಳಲ್ಲಿ ಯಾವುದೇ ಎರಡು ಒಟ್ಟಿಗೆ ಹಾಕಿದರೂ ಬ್ರೇಕರ್, ಅಂದರೆ ಹೊರೆ ಹೆಚ್ಚಾದಾಗ ಕರೆಂಟ್ ಕಡಿದುಬಿಡುವ ಸ್ವಿಚ್ಚು, ಬೀಳುತ್ತದೆ. ಎಸಿ ಒಂದೇ ಆದರೂ ಬೀಳಬಹುದು.

ಅದಕ್ಕೇ ನಾನು ಮನೆಯ ಸಾಕೆಟ್ಟಿನಿಂದ ದೀಪ, ಫ್ಯಾನು, ಫೋನ್ ಚಾರ್ಜು, ಬ್ಯಾಟರಿ ಚಾರ್ಜು, ಇಷ್ಟೇ ತೆಗೆದುಕೊಳ್ಳುತ್ತೇನೆ. ಫ್ರಿಜ್ ಮತ್ತು ವಾಟರ್ ಹೀಟರ್ ಗ್ಯಾಸಿಗೆ ಹಾಕಿ. ಎರಡರ ಸ್ವಿಚ್ಚೂ ಗಾಡಿಯೊಳಗೇ ಇರುತ್ತದೆ. ಫ್ರಿಜ್ ಅನ್ನು "ಆಟೋ" ಮೇಲೆ ಬಿಟ್ಟರೆ ಅದು ಸದ್ದಿಲ್ಲದೆ ಕರೆಂಟಿಗೆ ಹೋಗಿಬಿಡುತ್ತದೆ, ಜೋಪಾನ. ಎಸಿ ಇಲ್ಲದೆ ಆಗುವುದೇ ಇಲ್ಲ ಅನ್ನುವ ಸೆಕೆ ಇದ್ದರೆ ರಾತ್ರಿ ಮನೆಯೊಳಗೆ ಮಲಗಿ.

ಗ್ಯಾರೇಜಿನಲ್ಲಿ ಒಂದು ಸೀಳು ಅಡ್ಡಲಾದ ಟಿ ಆಕಾರದಲ್ಲಿರುವ ಸಾಕೆಟ್ ಕಂಡರೆ ಅದು 20 ಆಂಪಿನದು. ಆ ಲೈನಿನಲ್ಲಿ ಬೇರೇನೂ ಇಲ್ಲದಿದ್ದರೆ, ದಪ್ಪ ವಯರು ಇದ್ದರೆ, ಎಸಿ ಒಂದನ್ನೇ ಓಡಿಸಿ ನೋಡಬಹುದು.

ಈಗ ನನ್ನ ಕಥೆ. ವರ್ಜೀನಿಯಾದ ಒಬ್ಬ ಗೆಳೆಯನ ಮನೆ. ರಾತ್ರಿ ಹತ್ತಕ್ಕೆ ವಯರು ಚುಚ್ಚಿ, ಎಸಿ ಹಾಕಿ ಮಲಗಿದೆ. ಯಾವಾಗಲೋ ಎಸಿ ನಿಂತಿತು. ತಂಪಾಗಿದೆಯಲ್ಲ, ತಾನೇ ನಿಂತಿರಬೇಕು ಅಂದುಕೊಂಡೆ. ಬೆಳಗ್ಗೆ ಗೆಳೆಯನ ಅಮ್ಮ ಗ್ಯಾರೇಜಿನ ಫ್ರೀಜರ್ ಬಾಗಿಲು ತೆಗೆದು ಸುಮ್ಮನೆ ನಿಂತರು. ಒಳಗೆ ಹಿತಕಿದ ಅವರೆಕಾಳಿನ ಎಂಟು ಪ್ಯಾಕೆಟ್ಟು, ತುರಿದ ಕಾಯಿ, ಊರಿಂದ ಬಂದ ಹೋಳಿಗೆ. ಎಲ್ಲ ಮೆತ್ತಗೆ. ಕೆಳಗಿನ ತಟ್ಟೆಯಲ್ಲಿ ನೀರು. ನನ್ನ ಎಸಿಯೂ ಆ ಫ್ರೀಜರ್ರೂ ಒಂದೇ ಬ್ರೇಕರಿನ ಮೇಲಿದ್ದವು. "ಹೋಗ್ಲಿ ಬಿಡಪ್ಪ, ಇವತ್ತು ಅವರೆಕಾಳು ಉಪ್ಪಿಟ್ಟು ಮಾಡ್ತೀನಿ" ಅಂದರು. ಮೂರು ಹೊತ್ತೂ ಅವರೆಕಾಳೇ ತಿಂದೆವು. ಅವತ್ತಿನಿಂದ ಫ್ರೀಜರ್ ಯಾವ ಲೈನಿನಲ್ಲಿದೆ ಅಂತ ಕೇಳದೆ ನಾನು ವಯರು ಚುಚ್ಚುವುದೇ ಇಲ್ಲ.

ಚುಚ್ಚುವ ಕ್ರಮ:

1. ಗಾಡಿಯೊಳಗಿನ ಪ್ಯಾನೆಲ್ಲಿನಲ್ಲಿ ಮೇನ್ ಬ್ರೇಕರ್ ಆಫ್ ಮಾಡಿ.
2. ಸಾಕೆಟ್ಟಿಗೆ ಟೆಸ್ಟರ್ ಹಾಕಿ. ಅರ್ಥಿಂಗ್ ಇಲ್ಲ ಅಥವಾ ವಯರು ಅದಲುಬದಲು ಅಂತ ತೋರಿಸಿದರೆ ಅಲ್ಲಿಗೇ ನಿಲ್ಲಿಸಿ, ಬೇರೆ ಸಾಕೆಟ್ ಹುಡುಕಿ.
3. ಎಕ್ಸ್‌ಟೆನ್ಷನ್ ವಯರನ್ನು ಸುರುಳಿ ಬಿಡಿಸಿ ಪೂರ್ತಿ ಹಾಸಿ. ಸುತ್ತಿಟ್ಟ ವಯರು ಬಿಸಿಯಾಗುತ್ತದೆ. ಜೋಡಣೆ ಇರುವ ಜಾಗ ನೆಲಕ್ಕೆ ತಾಗದಂತೆ, ನೀರು ಬೀಳದಂತೆ ಎತ್ತಿಡಿ.
4. ವಯರು ಚುಚ್ಚಿ, ಆಮೇಲೆ ಮೇನ್ ಆನ್ ಮಾಡಿ, ಒಂದೊಂದೇ ಬ್ರೇಕರ್ ಹಾಕುತ್ತಾ ಬನ್ನಿ.
5. ಅರ್ಧ ಗಂಟೆ ಬಿಟ್ಟು ಪ್ಲಗ್ಗನ್ನು ಕೈಯಲ್ಲಿ ಮುಟ್ಟಿ ನೋಡಿ.

ಎಚ್ಚರಿಕೆಯ ಗುರುತುಗಳು. ಪ್ಲಗ್ಗು ಕೈ ಸುಡುವಷ್ಟು ಬಿಸಿಯಾಗಿದ್ದರೆ ಕಿತ್ತುಬಿಡಿ. ವೋಲ್ಟೇಜ್ 105ಕ್ಕಿಂತ ಕೆಳಗೆ ಇಳಿದರೆ ಹೊರೆ ಕಮ್ಮಿ ಮಾಡಿ, ಎಸಿಯ ಮೋಟಾರಿಗೆ ಅದು ವಿಷ. ಹೊರಗೆ ನೆಲದ ಮೇಲೆ ನಿಂತು ಬಾಗಿಲಿನ ಹಿಡಿ ಮುಟ್ಟಿದಾಗ ಕೈ ಜುಮ್ ಅಂದರೆ ಗಾಡಿಯ ಮೈಗೇ ಕರೆಂಟ್ ಬಂದಿದೆ ಅಂತ ಅರ್ಥ. ಯಾರೂ ಮುಟ್ಟಬೇಡಿ, ಮನೆಯ ಬ್ರೇಕರ್ ಆಫ್ ಮಾಡಿ, ಆಮೇಲೆ ವಯರು ತೆಗೆಯಿರಿ. "ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ" ಅಂತ ಬಿಡುವ ವಿಷಯ ಅಲ್ಲ ಇದು.

ಸಾಕೆಟ್ ಸತ್ತುಹೋದರೆ, ಆದರೆ ಮನೆಯ ಪ್ಯಾನೆಲ್ಲಿನ ಬ್ರೇಕರ್ ಬಿದ್ದಿಲ್ಲ ಅಂದರೆ, ಜಿಎಫ್‌ಸಿಐ ಬಿದ್ದಿದೆ. ನಡುವೆ ಸಣ್ಣ ರೀಸೆಟ್ ಗುಂಡಿ ಇರುವ, ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸಾಕೆಟ್ ಅದು. ಹಳೇ ಮನೆಗಳಲ್ಲಿ ಆ ಗುಂಡಿ ಗ್ಯಾರೇಜಿನಲ್ಲೇ ಇರಬೇಕು ಅಂತಿಲ್ಲ, ಬಾತ್‌ರೂಮಿನಲ್ಲೂ ಇರಬಹುದು. ಮತ್ತೆ ಮತ್ತೆ ಬೀಳುತ್ತಿದ್ದರೆ ಗಾಡಿಯ ಎಲ್ಲ ಬ್ರೇಕರ್ ಆಫ್ ಮಾಡಿ ಒಂದೊಂದಾಗಿ ಹಾಕಿ, ಯಾವುದರಿಂದ ಬೀಳುತ್ತಿದೆ ಗೊತ್ತಾಗುತ್ತದೆ. ಜಿಎಫ್‌ಸಿಐ ತಪ್ಪಿಸಿ ಬೇರೆ ದಾರಿ ಹುಡುಕಬೇಡಿ.

ಒಂದು ದೊಡ್ಡ ಅಪಾಯ ಹೇಳಿಬಿಡುತ್ತೇನೆ. ಆರ್‌ವಿಯ 30 ಆಂಪ್ ಪ್ಲಗ್ಗು ಬಟ್ಟೆ ಒಣಗಿಸುವ ಡ್ರೈಯರಿನ ಹಳೇ ಪ್ಲಗ್ಗಿನ ಹಾಗೇ ಕಾಣುತ್ತದೆ. ಡ್ರೈಯರಿನದು 240 ವೋಲ್ಟ್, ನಿಮ್ಮದು 120. "ನಾನೇ ಒಂದು ಸಾಕೆಟ್ ಹಾಕಿಸಿಬಿಟ್ಟೆ, ಬಾ" ಅಂತ ಉತ್ಸಾಹದ ಗೆಳೆಯ ಹೇಳಿದರೆ, ಚುಚ್ಚುವ ಮೊದಲು ವೋಲ್ಟೇಜ್ ಅಳೆಯಿರಿ. ತಪ್ಪಾಗಿದ್ದರೆ ಗಾಡಿಯ ಎಲ್ಲ ಉಪಕರಣ ಒಂದೇ ಕ್ಷಣದಲ್ಲಿ ಸುಟ್ಟುಹೋಗುತ್ತವೆ.

ಹಂತ 7: ನೀರು ಮತ್ತು ಟಾಯ್ಲೆಟ್

ಮನೆಯ ನಲ್ಲಿಗೆ ಪೈಪು ಸದಾ ಕಟ್ಟಿಡಬೇಡಿ. ಟ್ಯಾಂಕಿನ ನೀರನ್ನು ಪಂಪಿನಿಂದ ಬಳಸಿ. ಪೈಪು ಕಟ್ಟಿಟ್ಟು ಊರು ಸುತ್ತಲು ಹೋದಾಗ ಗಾಡಿಯೊಳಗೆ ಒಂದು ಜಾಯಿಂಟ್ ಬಿಚ್ಚಿಕೊಂಡರೆ, ನೀವು ಬರುವವರೆಗೂ ಹರಿಯುತ್ತಲೇ ಇರುತ್ತದೆ. ಮಧ್ಯೆ ತುಂಬಿಸಿಕೊಳ್ಳಬೇಕಾದರೆ ನಲ್ಲಿಯನ್ನು ಒಂದು ನಿಮಿಷ ಸುಮ್ನೆ ಹರಿಯಬಿಟ್ಟು, ರೆಗ್ಯುಲೇಟರ್ ಹಾಕಿ, ಬಿಳಿ ಪೈಪಿನಲ್ಲೇ ತುಂಬಿ. ಗಿಡಕ್ಕೆ ನೀರು ಹಾಕುವ ಹಸಿರು ಪೈಪು ಕುಡಿಯುವ ನೀರಿಗಲ್ಲ.

ಟಾಯ್ಲೆಟ್ ವಿಷಯದಲ್ಲಿ ನಮ್ಮ ಅಭ್ಯಾಸ ಒಳ್ಳೆಯದೇ. ಬ್ಲ್ಯಾಕ್ ಟ್ಯಾಂಕಿಗೆ ಶತ್ರು ನೀರಲ್ಲ, ಒಣಗಿದ ಕಾಗದ. ಚೊಂಬು ಬಳಸುವವರ ಗಾಡಿಯಲ್ಲಿ ಟ್ಯಾಂಕ್ ಕಟ್ಟಿಕೊಳ್ಳುವುದು ಕಮ್ಮಿ. ಆದರೆ ಬೇಗ ತುಂಬುತ್ತದೆ, ಅದಕ್ಕೆ ಲೆಕ್ಕ ಇಟ್ಟಿರಿ. ಟ್ಯಾಂಕ್ ಎಷ್ಟು ತುಂಬಿದೆ ಅಂತ ತೋರಿಸುವ ದೀಪ ಸುಳ್ಳು ಹೇಳುವುದುಂಟು. ಫ್ಲಶ್ ಮಾಡುವಾಗ ಗುಳುಗುಳು ಸದ್ದು, ಗುಳ್ಳೆ ಬಂದರೆ ತುಂಬಿದೆ ಅಂತಲೇ ತಿಳಿಯಿರಿ.

ಊರಿಂದ ಬಂದ ಅಪ್ಪ ಅಮ್ಮನಿಗೆ ಪೆಡಲ್ ತೋರಿಸಿಕೊಡಿ, ಬರೀ ಬಾಯಲ್ಲಿ ಹೇಳಬೇಡಿ. ಎಷ್ಟೋ ಗಾಡಿಗಳಲ್ಲಿ ಅರ್ಧ ಒತ್ತಿದರೆ ನೀರು ತುಂಬುತ್ತದೆ, ಪೂರ್ತಿ ಒತ್ತಿದರೆ ತಳ ತೆರೆಯುತ್ತದೆ. ನಮ್ಮಮ್ಮ ಮೊದಲ ದಿನ ಅರ್ಧವೇ ಒತ್ತುತ್ತಿದ್ದರು, ನೀರು ಅಂಚಿಗೆ ಬಂದಿತ್ತು, ಗಾಬರಿಯಿಂದ "ಬಾರೋ ಇಲ್ಲಿ" ಅಂತ ಕೂಗಿದರು.

"ನಮ್ಮ ಮನೆ ಡ್ರೈನಿಗೇ ಬಿಟ್ಬಿಡಿ" ಅಂತ ಗೆಳೆಯ ಅಂದರೆ ಬೇಡ ಅನ್ನಿ. ರಸ್ತೆ ಬದಿಯ ಮಳೆನೀರಿನ ಚರಂಡಿಗಂತೂ ಗ್ರೇ ನೀರನ್ನೂ ಬಿಡಬೇಡಿ. ಆ ನೀರು ಶುದ್ಧೀಕರಣ ಆಗದೆ ನೇರ ಹಳ್ಳಕ್ಕೆ ಹೋಗುತ್ತದೆ, ಕಾನೂನಿಗೂ ವಿರುದ್ಧ. ಟ್ಯಾಂಕ್ ತುಂಬಿತೇ? ಮನೆಯ ಬಾತ್‌ರೂಮ್ ಬಳಸಿ. ಅಷ್ಟು ಸಲಿಗೆ ಇಲ್ಲದವರ ಮನೆಗೆ ಆರ್‌ವಿ ತೆಗೆದುಕೊಂಡು ಹೋಗಲೇಬಾರದು.

ಹಂತ 8: ಅಡುಗೆ, ಊಟ, ಹಗಲು

ಗಾಡಿಯೊಳಗೆ ಒಗ್ಗರಣೆ ಹಾಕಬೇಡಿ. ಎಣ್ಣೆ ಕಾದು ಸಾಸಿವೆ ಚಟಪಟ ಅನ್ನುವಷ್ಟರಲ್ಲಿ ಹೊಗೆ ಅಲಾರಂ ಕೂಗುತ್ತದೆ. ಒಣಮೆಣಸಿನಕಾಯಿ ಬಿದ್ದರೆ ಇಡೀ ಗಾಡಿ ಕೆಮ್ಮುತ್ತದೆ. ಸಿಡಿದ ಎಣ್ಣೆ ಒಂದು ಮೊಳ ದೂರದ ಸೀಟಿನ ಬಟ್ಟೆಗೆ ಹತ್ತುತ್ತದೆ, ಬಾಡಿಗೆಯವರು ಅದಕ್ಕೆ ದುಡ್ಡು ಹಿಡಿಯುತ್ತಾರೆ. ಕೆಲವರು ಅಲಾರಂ ಬ್ಯಾಟರಿ ಕಿತ್ತಿಟ್ಟು ಅಡುಗೆ ಮಾಡುತ್ತಾರೆ, ಆಮೇಲೆ ವಾಪಸ್ ಹಾಕಲು ಮರೆಯುತ್ತಾರೆ. ಇದರಷ್ಟು ದಡ್ಡತನ ಇನ್ನೊಂದಿಲ್ಲ. ಹೊರಗೆ ಗಾಳಿಯಾಡುವ ಕಡೆ ಒಂದು ಪೋರ್ಟಬಲ್ ಒಲೆ ಇಟ್ಟುಕೊಳ್ಳಿ, ಅಥವಾ ಒಗ್ಗರಣೆಯನ್ನು ಮನೆಯ ಅಡುಗೆಮನೆಗೆ ಬಿಡಿ.

ಗಾಡಿಯ ಸಿಂಕಿಗೆ ಅನ್ನದಗುಳು, ದೋಸೆ ಹಿಟ್ಟು, ಎಣ್ಣೆ ಹೋಗಬಾರದು. ಎರಡನೇ ದಿನಕ್ಕೆ ಗ್ರೇ ಟ್ಯಾಂಕ್ ಹುಳಿ ನಾತ ಹೊಡೆಯುತ್ತದೆ. ತಟ್ಟೆಯನ್ನು ಟಿಶ್ಯೂನಿಂದ ಒರೆಸಿ, ಆಮೇಲೆ ತೊಳೆಯಿರಿ.

ಇನ್ನು ಗೆಳೆಯರ ಜೊತೆಗಿನ ವ್ಯವಹಾರ. ಬಂದ ದಿನವೇ ಮೂರು ಮಾತು ಆಡಿಕೊಂಡುಬಿಡಿ: ಎಷ್ಟು ರಾತ್ರಿ, ಸ್ನಾನ ಎಷ್ಟು ಗಂಟೆಗೆ, ಅಡುಗೆ ಯಾರದ್ದು ಯಾವ ಹೊತ್ತು. ಆರ್‌ವಿಯಲ್ಲಿ ಬಂದಿದ್ದೇವೆ, ಅವರಿಗೇನೂ ತೊಂದರೆ ಇಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ಆ ಕಡೆ ಮನೆಯಾಕೆ ಬೆಳಗ್ಗೆ ಆರಕ್ಕೆ ಎದ್ದು ಎಂಟು ಜನಕ್ಕೆ ಇಡ್ಲಿ ಇಟ್ಟಿರುತ್ತಾರೆ. "ನಾಳೆ ಬೆಳಗ್ಗೆ ತಿಂಡಿ ನಮ್ಮದು, ನೀವು ಅಡುಗೆಮನೆಗೆ ಬರಬೇಡಿ" ಅಂತ ಮೊದಲ ರಾತ್ರಿಯೇ ಹೇಳಿ, ಹಾಗೇ ಮಾಡಿ. ಎರಡು ರಾತ್ರಿ ಚೆನ್ನ. ಮೂರನೆಯದಕ್ಕೆ ಅವರೇ ಒತ್ತಾಯ ಮಾಡಲಿ.

ಹಂತ 9: ರಾತ್ರಿ

ಕತ್ತಲಾದ ಮೇಲೆ ಬಡಾವಣೆಯಲ್ಲಿ ಜನರೇಟರ್ ಹಾಕಬೇಡಿ. ಸದ್ದು ಒಂದು ಕಡೆ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪಕ್ಕದ ಕಿಟಕಿಗೋ ನಿಮ್ಮದೇ ಕಿಟಕಿಗೋ ನುಗ್ಗುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗುವ ಮೊದಲು ಕಾರ್ಬನ್ ಮೊನಾಕ್ಸೈಡ್ ಅಲಾರಮ್ಮಿನ ಟೆಸ್ಟ್ ಗುಂಡಿ ಒತ್ತಿ ನೋಡಿ. ಗ್ಯಾಸ್ ಅಲಾರಂ ಕಾಲಿನ ಹತ್ತಿರ, ಕೆಳಗಿರುತ್ತದೆ, ಯಾಕೆಂದರೆ ಪ್ರೊಪೇನ್ ಗಾಳಿಗಿಂತ ಭಾರ. ಅದರ ಮುಂದೆ ಚಪ್ಪಲಿ, ಬ್ಯಾಗು ರಾಶಿ ಹಾಕಬೇಡಿ.

ಹೊರಗಿನ ದೀಪ ಆರಿಸಿ, ಪರದೆ ಎಳೆಯಿರಿ. ಅಕ್ಕಪಕ್ಕದ ಎರಡು ಮನೆಗೆ "ನಮ್ಮ ಸ್ನೇಹಿತರು ಬಂದಿದ್ದಾರೆ, ಭಾನುವಾರ ಹೋಗುತ್ತಾರೆ" ಅಂತ ಗೆಳೆಯನಿಂದ ಒಂದು ಮೆಸೇಜ್ ಹಾಕಿಸಿ. ಎಚ್‌ಒಎಗೆ ದೂರು ಹೋಗುವುದು ಬಹುಪಾಲು ಅಲ್ಲಿಂದಲೇ, ಅದೂ ಯಾವಾಗ ಹೋಗುತ್ತಾರೋ ಗೊತ್ತಿಲ್ಲ ಅನ್ನುವ ಕಾರಣಕ್ಕೆ.

ಹಂತ 10: ಹೊರಡುವ ಬೆಳಗ್ಗೆ

ಬೀಳ್ಕೊಡುಗೆಯ ಗಡಿಬಿಡಿಯಲ್ಲೇ ಅನಾಹುತ ಆಗುವುದು. ಕುಂಕುಮ ಇಟ್ಟು, ಡಬ್ಬಿ ಕೊಟ್ಟು, ಫೋಟೋ ತೆಗೆದು, ಮತ್ತೆ ಹತ್ತು ನಿಮಿಷ ಮಾತಾಡಿ, ಕೊನೆಗೆ ಕೈ ಬೀಸುತ್ತಾ ವಯರು ಸಮೇತ ಹೊರಟವರಿದ್ದಾರೆ. ಅದಕ್ಕೇ ಗಾಡಿ ಪೂರ್ತಿ ಸಿದ್ಧ ಮಾಡಿ, ಆಮೇಲೆ ಬೀಳ್ಕೊಡುಗೆ.

ಗಾಡಿಯೊಳಗೆ: ಕಪಾಟು, ಫ್ರಿಜ್ ಬಾಗಿಲಿನ ಚಿಲಕ, ಮೇಲಿನ ಗಾಳಿಕಿಂಡಿ ಮುಚ್ಚಿ. ಕೊಟ್ಟ ಡಬ್ಬಿಗಳೆಲ್ಲ ಸಿಂಕಿನೊಳಗೆ. ಮೊದಲ ತಿರುವಿನಲ್ಲಿ ಚಟ್ನಿಪುಡಿ ಹಾರುವುದು ತಪ್ಪುತ್ತದೆ. ನೀರಿನ ಪಂಪ್ ಆಫ್, ಸ್ಲೈಡ್ ಒಳಗೆ.

ಹೊರಗೆ: ಮೇನ್ ಆಫ್ ಮಾಡಿ ವಯರು ತೆಗೆಯಿರಿ, ಪ್ರೊಪೇನ್ ಮುಚ್ಚಿ, ಮೆಟ್ಟಿಲು ಮಡಚಿ, ಜ್ಯಾಕ್ ಎತ್ತಿ, ಬೆಣೆ ತೆಗೆಯಿರಿ. ನಾನು ಗಾಡಿಯ ಕೀಯನ್ನು ವಯರು ಚುಚ್ಚುವ ಜಾಗದಲ್ಲೇ ನೇತುಹಾಕುತ್ತೇನೆ. ವಯರು ಬಿಚ್ಚದೆ ಕೀ ಸಿಗುವುದಿಲ್ಲ. ಆಮೇಲೆ ಗಾಡಿಯ ಸುತ್ತ ಒಂದು ಸುತ್ತು, ಕೆಳಗೆ ಬಗ್ಗಿ ನೋಡಿ, ತಲೆ ಎತ್ತಿ ನೋಡಿ. ಕಾರ್ಡ್‌ಬೋರ್ಡಿನ ಆಚೆ ಎಣ್ಣೆ ಬಿದ್ದಿದ್ದರೆ ಒರೆಸಿ. ಗ್ಯಾರೇಜಿನ ಫ್ರೀಜರ್ ಓಡುತ್ತಿದೆಯಾ ಅಂತ ಬಾಗಿಲು ತೆಗೆದು ನೋಡಿ.

ಈಗ ಕುಂಕುಮ, ಫೋಟೋ. ಮುಗಿದ ಮೇಲೆ ಮಕ್ಕಳೆಲ್ಲ ಬಾಗಿಲ ಮೆಟ್ಟಿಲ ಮೇಲೆ ನಿಲ್ಲಲಿ, ತಲೆ ಎಣಿಸಿ, ದಾರಿ ತೋರಿಸಲು ಒಬ್ಬರು ಹಿಂದೆ ನಿಲ್ಲಲಿ. ರಸ್ತೆಗೆ ಬಂದು ಮೂಲೆ ತಿರುಗಿದ ಮೇಲೆ ಒಮ್ಮೆ ಬದಿಗೆ ನಿಲ್ಲಿಸಿ ಇಳಿದು ನೋಡಿ, ಏನಾದರೂ ನೇತಾಡುತ್ತಿದೆಯಾ, ತೊಟ್ಟಿಕ್ಕುತ್ತಿದೆಯಾ. ಅಲ್ಲಿಂದ ನೇರ ಡಂಪ್ ಸ್ಟೇಷನ್ನಿಗೆ.